ಮನೆಯಲ್ಲಿ ಕಲಿಯುವ ಮಗು, ಮನೆಯಲ್ಲೇ ಉಳಿದ ಮಗು

2020ರ ಆಗಸ್ಟ್ ತಿಂಗಳು. ಮದ್ದೂರು ತಾಲ್ಲೂಕಿನ ನಮ್ಮೂರ ಅರಳಿಕಟ್ಟೆಯ ಮೇಲೆ ಹತ್ತು ಹದಿನೈದು ಮಕ್ಕಳು ಮಾರಿಗೊಬ್ಬರಂತೆ ಕುಳಿತಿದ್ದರು. ಮಾರ್ಚ್‌ನಲ್ಲಿ ಶಾಲೆಗೆ ಬಿದ್ದ ಬೀಗ ಇನ್ನೂ ತೆಗೆದಿರಲಿಲ್ಲ. ಬೈಕಿನಲ್ಲಿ ಬಂದ ಮೇಷ್ಟ್ರು ದೇವಸ್ಥಾನದ ಗೋಡೆಗೆ ಕರಿಹಲಗೆ ಒರಗಿಸಿ, ಮೂಗು ಬಾಯಿ ಮುಚ್ಚಿಕೊಂಡೇ ಪಾಠ ಶುರು ಮಾಡಿದರು. ನನ್ನ ತಂಗಿಯ ಮಗಳು ಆಗ ಮೂರನೇ ಕ್ಲಾಸು. ಐದು ತಿಂಗಳ ಮೇಲೆ ಸ್ಲೇಟು ಹಿಡಿದಿದ್ದಳು. ‘ಅಕ್ಕ’ ಬರಿ ಅಂದರೆ ‘ಅಕ’ ಎಂದು ಬರೆದು ನಿಲ್ಲಿಸಿದಳು. ಒತ್ತು ಎಲ್ಲಿ ಮಗಳೇ ಎಂದು ಮೇಷ್ಟ್ರು ಕೇಳಿದ್ದಕ್ಕೆ ತಲೆ ತಗ್ಗಿಸಿ, ‘ಮರ್ತೋಯ್ತು ಸಾ’ ಅಂದಳು.

ಹುಡುಗಿ ದಡ್ಡಿಯಲ್ಲ. ಅವಳವ್ವ ಪಿಯುಸಿ ಓದಿದವಳು, ಮನೆಯಲ್ಲಿ ಪಠ್ಯಪುಸ್ತಕಗಳಿದ್ದವು, ಚಂದನ ವಾಹಿನಿಯಲ್ಲಿ ದೊಡ್ಡ ತರಗತಿಗಳಿಗೆ ‘ಸಂವೇದ’ ಪಾಠಗಳೂ ಬರುತ್ತಿದ್ದವು. ಆದರೂ ಐದು ತಿಂಗಳಲ್ಲಿ ಒತ್ತಕ್ಷರ ಕೈಬಿಟ್ಟು ಹೋಗಿತ್ತು. ಶಿಕ್ಷಣ ಇಲಾಖೆ ಅದೇ ತಿಂಗಳು ಶುರು ಮಾಡಿದ್ದ ‘ವಿದ್ಯಾಗಮ’ ಕಾರ್ಯಕ್ರಮದ ಒಂದು ವಠಾರ ಶಾಲೆ ಅದು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ.

ಆ ಹತ್ತೊಂಬತ್ತು ತಿಂಗಳು ಮಂಡ್ಯ, ಮದ್ದೂರು, ಮಳವಳ್ಳಿಯ ಪ್ರತಿ ಮನೆಯೂ ಬೇಕೋ ಬೇಡವೋ ಶಾಲೆಯಾಗಬೇಕಾಯಿತು. ಈಗ ಅದೇ ಮಾತು ಬೇರೆ ರೂಪದಲ್ಲಿ ನಮ್ಮ ಕಡೆಗೆ ಬಂದಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಮನೆಯಿಂದಲೇ ಕೆಲಸ ಮಾಡುವ ನೌಕರಿಯವರು ಬೆಂಗಳೂರಿನ ಬಾಡಿಗೆ ಬಿಟ್ಟು ಅಪ್ಪನ ಮನೆಗೆ, ತೋಟಕ್ಕೆ ಮರಳುತ್ತಿದ್ದಾರೆ. ಹಾಗೆ ಬಂದ ದಂಪತಿಯೊಬ್ಬರು ಮೊನ್ನೆ ಕೇಳಿದರು: ‘ಅಣ್ಣ, ಮಗಳನ್ನ ಸ್ಕೂಲಿಗೆ ಹಾಕದೆ ಮನೇಲೇ ಓದ್ಸೋಣ ಅಂತಿದೀವಿ. ಏನಂತೀರಾ?’

ಹೂಂ ಅಥವಾ ಊಹೂಂ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮನೆಪಾಠ ಬೇರೆ, ಮನೆಶಾಲೆ ಬೇರೆ

ನಮ್ಮಲ್ಲಿ ‘ಮನೆಪಾಠ’ ಎಂದರೆ ಟ್ಯೂಷನ್. ಶಾಲೆ ಮುಗಿಸಿ ಬಂದ ಮಗು ಸಂಜೆ ಮತ್ತೊಬ್ಬರ ಜಗಲಿಯಲ್ಲಿ ಕೂತು ಅದೇ ಪಾಠವನ್ನು ಇನ್ನೊಮ್ಮೆ ಓದುವುದು. ಹೋಮ್‌ಸ್ಕೂಲಿಂಗ್ ಅದಲ್ಲ. ಮಗುವನ್ನು ಶಾಲೆಗೆ ದಾಖಲಿಸದೆ, ಕಲಿಕೆಯ ಪೂರ್ತಿ ಹೊಣೆಯನ್ನು ತಂದೆ ತಾಯಿಯೇ ಹೊರುವುದು ಹೋಮ್‌ಸ್ಕೂಲಿಂಗ್. ಏನು ಕಲಿಸಬೇಕು, ಯಾವಾಗ ಕಲಿಸಬೇಕು, ಮಗು ಎಷ್ಟು ಕಲಿಯಿತು ಎಂಬುದೆಲ್ಲ ಮನೆಯವರ ತೀರ್ಮಾನ. ಅಮೆರಿಕದಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಕ 1960ರ ದಶಕದಿಂದ ಶಾಲೆಗಳು ಮಕ್ಕಳಲ್ಲಿ ಹುಟ್ಟಿಸುವ ಭಯದ ಬಗ್ಗೆ ಬರೆದು ಈ ಚಳವಳಿಗೆ ದನಿಯಾದರು. ಇಂದು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇದಕ್ಕೆ ಕಾನೂನಿನ ಒಪ್ಪಿಗೆಯಿದೆ. ಜರ್ಮನಿಯಲ್ಲಾದರೆ ಮಗು ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಓದಿಸುತ್ತೇವೆಂದರೆ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಬೆಂಗಳೂರು, ಪುಣೆ, ಮುಂಬೈಯಂಥ ನಗರಗಳಲ್ಲಿ ಇಂಥ ಕುಟುಂಬಗಳಿವೆ. ‘ಸ್ವಶಿಕ್ಷಣ’ ಎಂಬ ಹೆಸರಿನ ಅವರದೇ ಸಂಘವೂ ಇದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಶಾಲೆಗೆ ಹೋಗದೆ ಮನೆಯಲ್ಲಿರುವ ಮಕ್ಕಳು ಮೂರು ಬಗೆ. ತಂದೆ ತಾಯಿ ಯೋಚಿಸಿ ಮನೆಯಲ್ಲಿ ಓದಿಸುವ ಮಕ್ಕಳು ಬೆರಳೆಣಿಕೆಯಷ್ಟು. ತೀವ್ರ ಅಂಗವೈಕಲ್ಯದಿಂದ ಶಾಲೆಯವರೆಗೆ ಹೋಗಲಾಗದೆ, ಮನೆಗೇ ಶಿಕ್ಷಕರು ಬಂದು ಕಲಿಸುವ ಮಕ್ಕಳು ಎರಡನೆಯವರು. ಮೂರನೆಯವರದು ಬೇರೆಯೇ ಕತೆ. ತಮ್ಮನನ್ನು ನೋಡಿಕೊಳ್ಳಲೆಂದು, ಆಲೆಮನೆಯಲ್ಲಿ ಅಪ್ಪ ಅವ್ವನ ಜೊತೆ ಊರೂರು ಅಲೆಯುತ್ತಾ, ಮೈನೆರೆದಳೆಂಬ ಕಾರಣಕ್ಕೆ, ಇಲ್ಲವೇ ಮದುವೆ ಗೊತ್ತಾಗಿದೆಯೆಂದು ಶಾಲೆ ಬಿಟ್ಟವರು. ಮೊದಲ ಎರಡು ಬಗೆಯವರು ಮನೆಯಲ್ಲಿ ಕಲಿಯುವ ಮಕ್ಕಳು. ಮೂರನೆಯವರು ಮನೆಯಲ್ಲೇ ಉಳಿದ ಮಕ್ಕಳು. ಸಾಧಕ ಬಾಧಕದ ಮಾತಾಡುವ ಮೊದಲು ಈ ಗೆರೆಯನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಎಳೆದುಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಅದು ಚಾಲ್ತಿಯಲ್ಲಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ತಂದೆ ತಾಯಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಹೋಮ್‌ಸ್ಕೂಲಿಂಗ್ ಎಂದು ಹೆಸರಿಸಿ ಒಪ್ಪುವ ಮಾತೂ ಅದರಲ್ಲಿಲ್ಲ, ಹೆಸರಿಸಿ ನಿಷೇಧಿಸುವ ಮಾತೂ ಇಲ್ಲ. ಮನೆಯಲ್ಲಿ ಓದುತ್ತಿದ್ದ ಬಾಲಕಿಯೊಬ್ಬಳ ಅರ್ಜಿ ದೆಹಲಿ ಹೈಕೋರ್ಟ್‌ಗೆ ಹೋದಾಗ, ಮನೆಶಿಕ್ಷಣ ಕಾಯ್ದೆಗೆ ವಿರುದ್ಧವಲ್ಲ ಎಂದು ಕೇಂದ್ರ ಸರ್ಕಾರ 2012ರಲ್ಲಿ ಪ್ರಮಾಣಪತ್ರ ಸಲ್ಲಿಸಿ, ಆಮೇಲೆ ಅದನ್ನು ಹಿಂದಕ್ಕೆ ಪಡೆಯಿತು. ಹಾಗಾಗಿ ಮನೆಯಲ್ಲಿ ಓದಿಸುವವರಿಗೆ ಇಂದಿಗೂ ಕಾನೂನಿನ ಗಟ್ಟಿ ನೆಲವಿಲ್ಲ.

ಪರೀಕ್ಷೆಗೆ ಮಾತ್ರ ದಾರಿಗಳಿವೆ. ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಲ್ಲಿ ಹುಟ್ಟಿತು. 14 ವರ್ಷ ತುಂಬಿದ ಮಗು ಅಲ್ಲಿ ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಎಲ್ಲ ವಿಷಯಗಳನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ. ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಿಕೊಳ್ಳಬಹುದು. 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳೂ ಅಲ್ಲಿವೆ. ನಮ್ಮ ರಾಜ್ಯದಲ್ಲಿ 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಮನೆಯಲ್ಲಿ ಓದಿದ ಮಗು ನಡುವೆ ಮನಸ್ಸು ಬದಲಿಸಿ ಶಾಲೆಗೆ ಬರುತ್ತೇನೆಂದರೆ, ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು.

ಮನೆ ಕೊಡಬಲ್ಲದ್ದು

ಮನೆಯಲ್ಲಿ ಕಲಿಸುವುದರ ಮೊದಲ ಲಾಭ ಸಮಯ. ಮಂಡ್ಯದ ಕಾನ್ವೆಂಟಿಗೆ ಹಳ್ಳಿಯಿಂದ ವ್ಯಾನಿನಲ್ಲಿ ಹೋಗುವ ಆರು ವರ್ಷದ ಮಗು ಏಳೂವರೆಗೆ ಮನೆ ಬಿಡುತ್ತದೆ. ಹತ್ತು ಊರು ಸುತ್ತಿ ಶಾಲೆ ಸೇರಿ, ಸಂಜೆ ಮತ್ತೆ ಹತ್ತು ಊರು ಸುತ್ತಿ, ನಿದ್ದೆಗಣ್ಣಲ್ಲಿ ಮನೆಗೆ ಬರುತ್ತದೆ. ಬೆನ್ನಿನ ಮೇಲೆ ಚೀಲ ಬೇರೆ. ಚೀಲದ ತೂಕ ಮಗುವಿನ ತೂಕದ ಶೇ 10ನ್ನು ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲೇ ಆದೇಶಿಸಿದ್ದರೂ ಎಲ್ಲ ಬೆನ್ನುಗಳೂ ಹಗುರಾಗಿಲ್ಲ. ಮನೆಯಲ್ಲಿ ಕಲಿಯುವ ಮಗುವಿಗೆ ಆ ಹೊತ್ತೆಲ್ಲ ಉಳಿಯುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗು ಎಡವಿದರೆ ಪಾಠ ಅದಕ್ಕಾಗಿ ಕಾಯುವುದಿಲ್ಲ. ಮನೆಯಲ್ಲಿ ಕಾಯುತ್ತದೆ. ಭಾಗಾಕಾರ ಅರ್ಥವಾಗಲು ಎಂಟು ದಿನ ಬೇಕೆಂದರೆ ಎಂಟು ದಿನ.

ಎರಡನೆಯ ಲಾಭ ಭಾಷೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಅರ್ಥವಾಗದ ಇಂಗ್ಲಿಷ್ ಎಂಬ ಎರಡು ಲೋಕಗಳ ನಡುವೆ ಒದ್ದಾಡುವ ಮಗು ಮನೆಯಲ್ಲಿ ತನ್ನ ಮಾತಿನಲ್ಲೇ ಲೆಕ್ಕ, ವಿಜ್ಞಾನ ಕಲಿಯಬಲ್ಲದು.

ಮೂರನೆಯ ಲಾಭ ಊರೇ ಪಠ್ಯಪುಸ್ತಕವಾಗುವುದು. ಮಂಡ್ಯ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಗದ್ದೆಯ ಬದುವಿನ ಮೇಲೆ ಹಗ್ಗ ಹಿಡಿದು 33 ಅಡಿ ಉದ್ದ, 33 ಅಡಿ ಅಗಲ ಅಳೆದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಅಪ್ಪನ ಹಿಂದೆ ಬದು ಸುತ್ತಿ ಇಷ್ಟನ್ನು ಅಳೆದ ಮಗು ವಿಸ್ತೀರ್ಣದ ಪಾಠವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಬೆಳಿಗ್ಗೆ ಹಾಲಿನ ಡೇರಿಗೆ ಕ್ಯಾನು ಹೊತ್ತು ಹೋದರೆ ಕೊಬ್ಬಿನಂಶ 3.5, ಘನಾಂಶ 8.5 ಎಂಬ ದಶಮಾಂಶಗಳು ಪಾಸ್‌ಬುಕ್ಕಿನಲ್ಲೇ ಕಾಣುತ್ತವೆ. ಕೊಬ್ಬು ಇಳಿದರೆ ದುಡ್ಡು ಯಾಕೆ ಇಳಿಯಿತು ಎಂದು ಮಗುವೇ ಕೇಳುತ್ತದೆ. ಆಲೆಮನೆಯಲ್ಲಿ ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಲ್ ಬೆಲ್ಲ ಬರುವುದನ್ನು ಕಣ್ಣಾರೆ ಕಂಡರೆ ಶೇಕಡಾ ಹತ್ತು ಎಂದರೇನೆಂದು ಯಾರೂ ವಿವರಿಸಬೇಕಿಲ್ಲ.

ಇನ್ನು ತಿರುಗಾಟ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಸತ್ಯಾಗ್ರಹಿಗಳು ತ್ರಿವರ್ಣ ಧ್ವಜ ಏರಿಸಿದರು. ಅದರ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ಅದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಪ್ರತಿವರ್ಷ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಬಂದು, ಹುಣಸೆ ಮರಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ ಹೋಗುತ್ತವೆ. ಶಾಲೆಯ ಮಗುವಿಗೆ ಇವೆಲ್ಲ ವರ್ಷಕ್ಕೊಂದು ಪ್ರವಾಸ. ಮನೆಯಲ್ಲಿ ಕಲಿಯುವ ಮಗು ಕೊಕ್ಕರೆ ಬೆಳ್ಳೂರಿನ ಒಂದೇ ಗೂಡನ್ನು ವಾರವಾರವೂ ನೋಡಿ, ಮೊಟ್ಟೆಯಿಂದ ರೆಕ್ಕೆಯವರೆಗೆ ಬರೆದಿಡಬಹುದು.

ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಶಿವರಾಮ ಕಾರಂತರ ಮನೆ. ಪುತ್ತೂರಿನ ಬಾಲವನದಲ್ಲಿ ಅವರು ತಮ್ಮ ಮಕ್ಕಳನ್ನು ಎಳೆಯ ವರ್ಷಗಳಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲೇ ಬೆಳೆಸಿದರು. ಪುಸ್ತಕ, ಕಾಡು, ಚಿತ್ರ, ನೃತ್ಯ ಎಲ್ಲವೂ ಅಲ್ಲಿ ಪಾಠವೇ. ಆ ಮನೆಯ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಕೊನೆಗೆ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು. ಮಗಳು ಮಾಳವಿಕಾ ಕಪೂರ್ ಮನಃಶಾಸ್ತ್ರಜ್ಞೆಯಾಗಿ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದರು. ತಂಗಿ ಕ್ಷಮಾ ರಾವ್ ಅವರೊಂದಿಗೆ ಸೇರಿ ಇವರಿಬ್ಬರೂ ತಂದೆ ತಾಯಿಯ ಬಗ್ಗೆ ಬರೆದ ನೆನಪಿನ ಪುಸ್ತಕ 2021ರಲ್ಲಿ ಇಂಗ್ಲಿಷಿನಲ್ಲಿ ಬಂತು.

ಆದರೆ ಈ ಉದಾಹರಣೆ ಕೊಡುವಾಗ ಒಂದು ಮಾತು ನೆನಪಿಡಬೇಕು. ಆ ಮನೆಯಲ್ಲಿ ಕಾರಂತರಿದ್ದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದ ತಂದೆ, ಓದಿಕೊಂಡ ತಾಯಿ ಲೀಲಾ, ಮನೆಗೆ ಬಂದು ಹೋಗುವ ಕಲಾವಿದರು, ವಿದ್ವಾಂಸರು. ಮುಂದೆ ಆ ಮಕ್ಕಳೂ ಶಾಲೆ ಕಾಲೇಜಿನ ಮೆಟ್ಟಿಲು ಹತ್ತಿದರು.

ಮನೆ ಕೊಡಲಾಗದ್ದು

ಕೊರೊನಾ ಕಾಲದಲ್ಲಿ ಏನಾಯಿತೆಂಬುದಕ್ಕೆ ಲೆಕ್ಕ ಸಿಕ್ಕಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿತು. ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ಸರಾಸರಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಆ ಪ್ರಮಾಣ ಶೇ 82. ನನ್ನ ತಂಗಿಯ ಮಗಳ ಒತ್ತಕ್ಷರ ಆ ಲೆಕ್ಕದ ಒಂದು ಚುಕ್ಕೆ. ತಯಾರಿಯಿಲ್ಲದೆ, ಭಯದ ನಡುವೆ ಮನೆಯ ಮೇಲೆ ಬಿದ್ದ ಹೊರೆ ಅದು, ಅದನ್ನು ಹೋಮ್‌ಸ್ಕೂಲಿಂಗ್ ಎನ್ನಲಾಗದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಅದು ತೋರಿಸಿದ ನಿಜ ಒಂದಿದೆ. ದಿನಾ ಕೂತು ಕಲಿಸುವ ಒಬ್ಬರು ಇಲ್ಲದಿದ್ದರೆ ಪುಸ್ತಕ, ಫೋನು, ಟಿವಿ ಎಲ್ಲ ಇದ್ದೂ ಕಲಿಕೆ ನಿಲ್ಲುತ್ತದೆ, ನಿಂತದ್ದು ಹಿಂದಕ್ಕೂ ಜಾರುತ್ತದೆ.

ಆ ‘ಒಬ್ಬರು’ ಯಾರು? ನಮ್ಮ ಮನೆಗಳಲ್ಲಿ ಅದು ತಾಯಿಯೇ. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುವ, ಇಲ್ಲವೇ ಹಸು ಕರೆದು, ಹುಲ್ಲು ತಂದು, ಕಳೆ ಕೀಳಲು ಹೋಗುವ ತಾಯಿಗೆ ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳು ಎನ್ನುವುದು ಅನ್ಯಾಯ. ನೌಕರಿಯಲ್ಲಿರುವ ದಂಪತಿಯಾದರೂ ಇಬ್ಬರಲ್ಲೊಬ್ಬರು ಸಂಬಳ ಬಿಡಬೇಕಾಗುತ್ತದೆ. ಬಿಡುವವಳು ಹೆಚ್ಚಾಗಿ ಹೆಂಡತಿ. ಹೋಮ್‌ಸ್ಕೂಲಿಂಗ್‌ಗೆ ಶುಲ್ಕವಿಲ್ಲ ಎನ್ನುವವರು ಈ ಸಂಬಳವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಎರಡನೆಯದು, ಇತರ ಮಕ್ಕಳು. ಹಿಂದೆ ನಮ್ಮ ಸೀಮೆಯಲ್ಲಿ ಕೂಲಿಮಠಗಳಿದ್ದವು. ಐಗಳು ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದರು. ದವಸ ಕೊಡಬಲ್ಲ ಮನೆಗಳ ಗಂಡುಮಕ್ಕಳಿಗಷ್ಟೇ ಆ ಜಗಲಿ. ಹೊಲಗೇರಿಯ ಮಗುವಿಗೆ, ಹೆಣ್ಣುಮಗುವಿಗೆ ಅಲ್ಲಿ ಜಾಗವಿರಲಿಲ್ಲ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರ 1868ರ ಹೋಬಳಿ ಶಾಲೆಗಳ ಯೋಜನೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಬಂದ ಪ್ರಾಥಮಿಕ ಶಿಕ್ಷಣ ಕಾನೂನು, ಆಮೇಲೆ ಸ್ವತಂತ್ರ ಭಾರತದ ಸರ್ಕಾರಿ ಶಾಲೆ, ಹೀಗೆ ಒಂದೊಂದೇ ಹೆಜ್ಜೆಯಲ್ಲಿ ಅಕ್ಷರ ಮನೆಯ ಜಗಲಿಯಿಂದ ಇಳಿದು ಊರ ಬಯಲಿಗೆ ಬಂತು. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಉಣ್ಣುವ ಜಾಗ ಇಂದಿಗೂ ಹಳ್ಳಿಯಲ್ಲಿ ಶಾಲೆಯೊಂದೇ. 2002ರಲ್ಲಿ ರಾಜ್ಯದಲ್ಲಿ ಶುರುವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ, ಈಚಿನ ಮೊಟ್ಟೆ, ಇವೆಲ್ಲ ಹೊಟ್ಟೆ ತುಂಬಿಸುವುದರ ಜೊತೆಗೆ ಆ ಸಾಲನ್ನೂ ಕಟ್ಟಿವೆ. ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿಸಿದರೂ ಆ ಸಾಲನ್ನು ಕಟ್ಟಲಾಗದು. ಜಗಳವಾಡಿ ರಾಜಿಯಾಗುವುದು, ಸೋತು ಸುಮ್ಮನಾಗುವುದು, ತನಗಿಂತ ಬಡವನ ಮಗ ಲೆಕ್ಕದಲ್ಲಿ ಮುಂದಿರುವುದನ್ನು ಕಂಡು ಗೌರವಿಸುವುದು, ಇದನ್ನೆಲ್ಲ ತಾಯಿ ಹೇಳಿಕೊಡಲಾಗುವುದಿಲ್ಲ.

ಮೂರನೆಯದು, ಕಾಣುವ ಕಣ್ಣು. ಮಗುವಿನ ಮೈಮೇಲೆ ಬಾಸುಂಡೆ ಬಂದರೆ, ಹುಡುಗಿ ಇದ್ದಕ್ಕಿದ್ದಂತೆ ಮಂಕಾದರೆ, ಎಂಟನೇ ಕ್ಲಾಸಿನವಳ ಕೈಗೆ ಮದರಂಗಿ ಬಿದ್ದರೆ ಮೊದಲು ಗಮನಿಸುವವರು ಮೇಷ್ಟ್ರು, ಮೇಡಂ, ಪಕ್ಕದಲ್ಲಿ ಕೂರುವ ಗೆಳತಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಅಂಥ ಮದುವೆಯನ್ನು ಆರಂಭದಿಂದಲೇ ಅಸಿಂಧು ಎಂದಿದೆ. ಆ ಕಾನೂನು ಕೆಲಸ ಮಾಡಬೇಕಾದರೆ ಹುಡುಗಿ ಯಾರ ಕಣ್ಣಿಗಾದರೂ ಬೀಳಬೇಕು. ಬಾಲ್ಯವಿವಾಹದ ಸುದ್ದಿ ಇನ್ನೂ ನಿಲ್ಲದ ಮಂಡ್ಯ ಜಿಲ್ಲೆಯಲ್ಲಿ ‘ಮನೆಯಲ್ಲೇ ಓದುತ್ತಾಳೆ’ ಎಂಬ ಮಾತು ಸುಲಭದ ಪರದೆಯಾಗಿಬಿಡಬಹುದು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಸಮೀಕ್ಷೆಗಳು, ಹಾಜರಾತಿಯ ಬಿಗಿ ನಿಗಾ ಬಂದವು. ನಾಲ್ಕು ಅನುಕೂಲಸ್ಥ ಮನೆಗಳ ಸ್ವಾತಂತ್ರ್ಯಕ್ಕಾಗಿ ಆ ಬಲೆಯಲ್ಲಿ ತೂತು ಬೀಳಬಾರದು.

ನಾಲ್ಕನೆಯದು ಕಾಗದಪತ್ರ. ಇದನ್ನು ಅನೇಕರು ಮೊದಲು ಯೋಚಿಸುವುದೇ ಇಲ್ಲ. ಸಿಇಟಿ ಸೀಟಿಗೆ ಅರ್ಹರಾಗಲು ಹೆಚ್ಚಿನವರು ಬಳಸುವ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಅಷ್ಟೇ ವರ್ಷಗಳ ದಾಖಲೆ ಬೇಕು. ಮಳವಳ್ಳಿಯ ರೈತನ ಮಗಳಿಗೆ ನ್ಯಾಯವಾಗಿ ಸಿಗಬೇಕಾದ ಆ ಅವಕಾಶ ಮನೆಯಲ್ಲಿ ಓದಿದ ಒಂದೇ ಕಾರಣಕ್ಕೆ ಕೈತಪ್ಪಬಹುದು. ಮುಂಬೈನಲ್ಲಿ ಮನೆಯಲ್ಲೇ ಕಲಿತ ಬಾಲಕಿಯೊಬ್ಬಳು ಗಣಕ ಒಲಿಂಪಿಯಾಡ್‌ನ ಪದಕಗಳ ಬಲದ ಮೇಲೆ 2016ರಲ್ಲಿ ಅಮೆರಿಕದ ಎಂಐಟಿ ಸೇರಿದಳು. ನಮ್ಮ ಐಐಟಿಗಳ ಬಾಗಿಲು ಅವಳಿಗೆ ತೆರೆಯಲಿಲ್ಲ, ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಇರಲಿಲ್ಲವಲ್ಲ. ಪ್ರತಿಭೆಗೆ ಹೊರದೇಶದಲ್ಲಾದರೂ ದಾರಿ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.

ಮನೆಯೇ ಸರಿಯಾದ ಜಾಗವಾದಾಗ

ನಮ್ಮ ತಾಲ್ಲೂಕುಗಳಲ್ಲಿ ಕಾನೂನಿನ ಪೂರ್ಣ ಒಪ್ಪಿಗೆಯೊಂದಿಗೆ ನಡೆಯುತ್ತಿರುವ ಮನೆಶಿಕ್ಷಣವೊಂದಿದೆ. ಅದರ ಸುದ್ದಿ ಪತ್ರಿಕೆಯಲ್ಲಿ ಬರುವುದು ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಅದಕ್ಕೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಬಿಐಇಆರ್‌ಟಿ ಎಂದು ಅವರನ್ನು ಕರೆಯುವುದು.

ಅಂಥ ಒಂದು ಪಾಠವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೆದುಳಿನ ಪಾರ್ಶ್ವವಾಯುವಿನಿಂದ ಕೈಕಾಲು ಬಿಗಿದಿದ್ದ ಹತ್ತು ವರ್ಷದ ಹುಡುಗ. ಶಿಕ್ಷಕಿ ಮೊದಲು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವಿದರು. ತಟ್ಟೆಯಲ್ಲಿ ಒಂದು, ಎರಡು, ಐದರ ನಾಣ್ಯಗಳನ್ನಿಟ್ಟು ‘ಐದು ಯಾವುದಪ್ಪ?’ ಎಂದರು. ಅವನ ಕೈ ನಡುಗುತ್ತಾ ಒಂದರ ಮೇಲೆ ಹೋಯಿತು, ಅಲ್ಲಿಂದ ಸರಿದು ಐದರ ಮೇಲೆ ನಿಂತಿತು. ಅವನ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಕ್ಕಾಲು ಗಂಟೆಯ ಪಾಠದಲ್ಲಿ ಅರ್ಧ ಪಾಠ ತಾಯಿಗೇ. ಹೇಗೆ ಕೂರಿಸಬೇಕು, ಚಮಚ ಹೇಗೆ ಹಿಡಿಸಬೇಕು, ಗುಂಡಿ ಹೇಗೆ ಹಾಕಿಸಬೇಕು. ಯಾಕೆಂದರೆ ಶಿಕ್ಷಕಿ ಮತ್ತೆ ಬರುವುದು ಮುಂದಿನ ವಾರ. ನಡುವಿನ ದಿನಗಳಿಗೆಲ್ಲ ತಾಯಿಯೇ ಮೇಷ್ಟ್ರು.

ಇಲ್ಲೂ ಎರಡು ಎಚ್ಚರ ಬೇಕು. ಒಬ್ಬ ಶಿಕ್ಷಕರ ಮೇಲೆ ಹತ್ತಾರು ಹಳ್ಳಿಗಳ ಹೊರೆ ಬೀಳುತ್ತದೆ. ಈ ಹುದ್ದೆಗಳು ಹೆಚ್ಚಬೇಕು, ಖಾಲಿ ಉಳಿಯಬಾರದು. ಜೊತೆಗೆ, ಇಳಿಜಾರು ಹಾದಿ, ಗಾಲಿಕುರ್ಚಿ, ಸ್ವಲ್ಪ ತಾಳ್ಮೆ ಇದ್ದರೆ ಶಾಲೆಗೆ ಬರಬಲ್ಲ ಮಗುವನ್ನು ‘ಮನೆಯಲ್ಲೇ ಇರಲಿ ಬಿಡಿ’ ಎಂದು ಸಾಗಹಾಕಲು ಈ ಅವಕಾಶ ನೆಪವಾಗಬಾರದು. ಆರಿಸಿಕೊಳ್ಳುವ ಹಕ್ಕು ಮಗುವಿನದು, ಶಾಲೆಯದಲ್ಲ.

ಶಾಲೆ ಮನೆಯಿಂದ ಕಲಿತದ್ದು

ಮನೆಯ ಕಲಿಕೆಯ ಒಳ್ಳೆಯ ಗುಣಗಳು ಮನೆಗಷ್ಟೇ ಸೀಮಿತವಲ್ಲ. ಅದಕ್ಕೆ ಸಾಕ್ಷಿ ಪಕ್ಕದ ಮೈಸೂರು ಜಿಲ್ಲೆಯಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ‘ನಲಿಕಲಿ’ ಹುಟ್ಟಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಪ್ರತಿ ಮಗುವೂ ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. ಎರಡು ದಿನ ಜ್ವರ ಬಂದು ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ದೊಡ್ಡವನು ಚಿಕ್ಕವನಿಗೆ ಹೇಳಿಕೊಡುತ್ತಾನೆ. ತುಂಬಿದ ಮನೆಯಲ್ಲಿ ಮಕ್ಕಳು ಕಲಿಯುವುದು ಹೀಗೆಯೇ ತಾನೆ? 2009-10ರಿಂದ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ಚೀಲವಿಲ್ಲದ ಸಂಭ್ರಮ ಶನಿವಾರವೂ ಅದೇ ದಿಕ್ಕಿನ ಹೆಜ್ಜೆ. ಭಯದ ಶಾಲೆಯಿಂದ ಮಗುವನ್ನು ಬಿಡಿಸಲು ಶಾಲೆಯನ್ನೇ ಬಿಡಿಸಬೇಕಿಲ್ಲ, ಶಾಲೆಯ ಭಯವನ್ನು ಬಿಡಿಸಬಹುದು.

ಕೇಳಿದವರಿಗೆ ಉತ್ತರ

ಹಾಗಾದರೆ ಆ ದಂಪತಿಗೆ ನಾನು ಹೇಳಿದ್ದೇನು? ನಾಲ್ಕು ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರವಿದೆಯೇ ನೋಡಿಕೊಳ್ಳಿ ಅಂದೆ. ದಿನಕ್ಕೆ ಮೂರು ನಾಲ್ಕು ಗಂಟೆ, ಎಂಟು ಹತ್ತು ವರ್ಷ, ಬೇಸರವಿಲ್ಲದೆ ಕಲಿಸಲು ಇಬ್ಬರಲ್ಲಿ ಯಾರು ಸಿದ್ಧ? ಮಗಳು ದಿನಾ ಬೆರೆಯುವ ನಾಲ್ಕಾರು ಮಕ್ಕಳು ಯಾರು, ಅವರಲ್ಲಿ ಬೇರೆ ಕೇರಿಯವರು ಎಷ್ಟು ಜನ? ಅವಳು ಕಲಿಯುತ್ತಿದ್ದಾಳೋ ಇಲ್ಲವೋ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ ಹೇಳುವ ಹೊರಗಿನವರು ಯಾರು? ಹತ್ತನೇ ತರಗತಿಯ ಪರೀಕ್ಷೆ ಎಲ್ಲಿ, ಆಮೇಲೆ ಪಿಯುಗೆ ಎಲ್ಲಿ ಎಂಬ ದಾರಿ ಈಗಲೇ ಕಾಣುತ್ತಿದೆಯೇ? ನಾಲ್ಕಕ್ಕೂ ಉತ್ತರವಿದ್ದರೆ ಧೈರ್ಯವಾಗಿ ಮುಂದುವರಿಯಿರಿ, ಮಗಳೇ ‘ಸ್ಕೂಲಿಗೆ ಹೋಗ್ತೀನಿ’ ಅಂದ ದಿನ ಹಟ ಹಿಡಿಯಬೇಡಿ. ಒಂದಕ್ಕೆ ಉತ್ತರ ತಡವರಿಸಿದರೂ ಊರ ಶಾಲೆಗೇ ಸೇರಿಸಿ. ಮನೆಯಲ್ಲಿ ಕಲಿಸಬೇಕೆಂದಿದ್ದ ಹುರುಪನ್ನು ಆ ಶಾಲೆಗೆ ತನ್ನಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗಿ, ಶನಿವಾರ ಒಂದು ಗಂಟೆ ಮಕ್ಕಳಿಗೆ ಕತೆ ಓದಿ. ನಿಮ್ಮ ಮಗಳೊಬ್ಬಳಿಗೆ ಸಿಗುತ್ತಿದ್ದ ತಂದೆ ತಾಯಿ ಮೂವತ್ತು ಮಕ್ಕಳಿಗೆ ಸಿಕ್ಕಂತಾಗುತ್ತದೆ.

ನನ್ನ ತೀರ್ಮಾನ ಇಷ್ಟು. ಆಯ್ಕೆಯಿಂದ, ತಯಾರಿಯಿಂದ, ಹೊರಗಿನ ಕಣ್ಣಿಗೆ ತೆರೆದ ಬಾಗಿಲಿಟ್ಟುಕೊಂಡು ಮನೆಯಲ್ಲಿ ಕಲಿಸುವವರನ್ನು ತಡೆಯಬೇಕಿಲ್ಲ. ಸರ್ಕಾರ ಅವರನ್ನು ನೋಂದಾಯಿಸಿಕೊಂಡು, ವರ್ಷಕ್ಕೊಮ್ಮೆ ಕಲಿಕೆ ಪರೀಕ್ಷಿಸುವ ಸ್ಪಷ್ಟ ನಿಯಮ ಮಾಡಲಿ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಹುಪಾಲು ಮನೆಗಳಿಗೆ ಹಗಲಿನ ಶಾಲೆ, ಸಂಜೆಯ ಮನೆ ಎರಡೂ ಬೇಕು. ಗುಂಟೆ ಅಳೆಯುವುದನ್ನು ಅಪ್ಪ ಕಲಿಸಲಿ, ಒತ್ತಕ್ಷರ ಮೇಷ್ಟ್ರು ತಿದ್ದಲಿ.

ನನ್ನ ತಂಗಿಯ ಮಗಳು ಶಾಲೆ ತೆರೆದ ಮೇಲೆ ಮೂರು ತಿಂಗಳಲ್ಲಿ ಒತ್ತಕ್ಷರ ಹಿಡಿದಳು. ಅವಳ ಜೊತೆ ಅರಳಿಕಟ್ಟೆಯ ಮೇಲೆ ಕೂತಿದ್ದ ಇನ್ನೊಬ್ಬಳು ಶಾಲೆಗೆ ಮರಳಲಿಲ್ಲ. ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ. ನಿಮ್ಮ ಬೀದಿಯಲ್ಲಿ ಆರರಿಂದ ಹದಿನಾಲ್ಕರ ನಡುವಿನ ಮಗುವೊಂದು ಶಾಲೆಯ ಹೊತ್ತಿನಲ್ಲಿ ಮನೆ ಬಾಗಿಲಲ್ಲಿ ಕಂಡರೆ ದಯವಿಟ್ಟು ನಿಂತು ವಿಚಾರಿಸಿ. ಊರ ಶಾಲೆಯ ಮೇಷ್ಟ್ರಿಗೆ ತಿಳಿಸಿ. ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.